ದನದ ಸಂತೆಯಲ್ಲಿ ನಾನು ಕೆಮ್ಮಿದ್ದು

ಅಮೆರಿಕದ ಬಾಸ್ಕೆಟ್‌ಬಾಲ್ ಹುಚ್ಚು ನನಗೆ ಹಿಡಿದದ್ದು ನಳದ ನೀರಿನಿಂದ. ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ನಮ್ಮ ಓಣಿಗೆ ನಳ ಬರುವುದು ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ, ಬಂದರೆ ಬೆಳಗಿನ ಐದಕ್ಕೇ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಪೈಪು ಹಿಡಿದು ಟಾಕಿ, ಬ್ಯಾರಲ್ಲು, ಕೊಡ, ಕೊನೆಗೆ ಚರಿಗೆಯನ್ನೂ ತುಂಬಿಸುತ್ತ ಕೂಡಬೇಕು. ನಮ್ಮ ಮನೆಯಲ್ಲಿ ಆ ಒಬ್ಬರು ಯಾವಾಗಲೂ ನಾನೇ. ಒಂದು ದಿನ ಹಾಗೆ ಕುಳಿತು ಮೊಬೈಲು ತಿಕ್ಕುತ್ತಿದ್ದಾಗ ಏಳಡಿಯ ಆಳೊಬ್ಬ ಚೆಂಡನ್ನು ಬುಟ್ಟಿಯೊಳಗೆ ತುರುಕಿ, ಬುಟ್ಟಿಯ ಕಬ್ಬಿಣದ ಬಳೆಗೆ ಜೋತುಬಿದ್ದು, ಕೆಳಗಿದ್ದವನನ್ನು ನೋಡಿ ಹಲ್ಲು ಕಿಸಿದ. ಕೆಳಗಿದ್ದವ ಆಟದ ತೀರ್ಪು ಹೇಳುವ ಪಂಚನ ಬಳಿ ಓಡಿದ. ಪಂಚ ಸೀಟಿ ಊದಿದ. ಇಬ್ಬರೂ ಸೇರಿ ಪಂಚನ ಮೇಲೆ ಏರಿಹೋದರು. ನಮ್ಮಲ್ಲಿ ಇನ್ನೂ ನಸುಕು, ಅಲ್ಲಿ ಸಂಜೆಯ ಜಗಳ. ಬ್ಯಾರಲ್ಲು ತುಂಬಿ ನೀರು ಅಂಗಳ ದಾಟಿ ಎದುರು ಮನೆಯ ಕಟ್ಟೆ ಮುಟ್ಟುವವರೆಗೆ ನನಗೆ ಎಚ್ಚರವೇ ಇರಲಿಲ್ಲ.

ಬಾಸ್ಕೆಟ್‌ಬಾಲ್ ಬೇಸಿಗೆಗೆ ಮುಗಿಯುತ್ತದೆ, ನಳ ಮುಗಿಯುವುದಿಲ್ಲ. ಹಾಗಾಗಿ ಉಳಿದ ತಿಂಗಳುಗಳಿಗೆಂದು ಬೇಸ್‌ಬಾಲ್ ಹಚ್ಚಿಕೊಂಡೆ. ಹಾಗೆಂದು ನಾನೇನು ಆಟಗಾರನಲ್ಲ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಟಕದ ಹ್ಯಾಂಡ್‌ಬಿಲ್ಲು ಛಾಪಿಸುವ ಸಣ್ಣ ಪ್ರೆಸ್ಸಿನವನು. ಜೀವನದಲ್ಲಿ ನಾನು ಎಸೆದದ್ದೆಂದರೆ ಕೆಟ್ಟುಹೋದ ಪ್ರೂಫು ಮಾತ್ರ. ಖರೆ ಹೇಳಬೇಕೆಂದರೆ ಆಟಕ್ಕಿಂತ ಆಟದ ತಂಟೆ ತಕರಾರು ನನಗೆ ಹೆಚ್ಚು ಇಷ್ಟ. ಯಾರು ಗೆದ್ದರೆಂಬುದು ಮಧ್ಯಾಹ್ನಕ್ಕೆ ಮರೆಯುತ್ತದೆ, ಯಾರು ಅನ್ಯಾಯ ಮಾಡಿದರೆಂಬುದು ವರ್ಷಗಟ್ಟಲೆ ನೆನಪಿರುತ್ತದೆ. ಗದಗದಲ್ಲಿ ಈ ವಿಷಯ ಮಾತಾಡಲು ಯಾರೂ ಇಲ್ಲದ್ದರಿಂದ ನನ್ನ ಅಭಿಪ್ರಾಯಗಳೆಲ್ಲ ಹೆಂಡತಿಯ ಪಾಲಿಗೆ ಬಂದವು.

ಮೊದಲನೆಯ ಸಿಟ್ಟು ವಿಶ್ರಾಂತಿಯದು. ಬಾಸ್ಕೆಟ್‌ಬಾಲಿನ ದೊಡ್ಡ ದೊಡ್ಡ ಆಟಗಾರರು ಏನೂ ಆಗದಿದ್ದರೂ 'ಇವತ್ತು ವಿಶ್ರಾಂತಿ' ಎಂದು ಚಂದದ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂಡುತ್ತಾರೆ. ಅವರನ್ನೇ ನೋಡಲೆಂದು ದೂರದಿಂದ ಬಂದ ಜನ ಕೋಟು ನೋಡಿಕೊಂಡು ಹೋಗಬೇಕು. ಲಗ್ನಸರಾಯಿಯಲ್ಲಿ ನಾನು ಹೀಗೆ ಕೋಟು ಹಾಕಿಕೊಂಡು ಕುಳಿತರೆ ಎಷ್ಟು ಮದುವೆ ನಿಂತುಹೋಗಬೇಕು! ಇದನ್ನು ನಾನು ರೊಟ್ಟಿ ಮುರಿಯುತ್ತ ಆವೇಶದಿಂದ ಹೇಳಿದೆ. ಹೆಂಡತಿ ಒಲೆಯ ಮುಂದಿನಿಂದ ತಿರುಗಲಿಲ್ಲ.

"ಅವರಿಗೂ ಮೊಣಕಾಲು ಅದಾವ್ರಿ. ನನಗೂ ಅದಾವ. ಲಗ್ನ ಆಗಿ ಇಷ್ಟು ವರ್ಷ ಆತು, ಒಂದು ದಿನಾನರ ನನ್ನ ಬೆಂಚಿನ ಮ್ಯಾಲೆ ಕುಂಡ್ರಸೀರೇನು?" ಎಂದಳು.

ಮುಂದಿನ ರವಿವಾರ ಬೆಳಿಗ್ಗೆ ಅವಳು ಇಳಕಲ್ ಸೀರೆ ಉಟ್ಟು ಪಡಸಾಲೆಯ ತೂಗುಮಂಚದ ಮೇಲೆ ಕುಳಿತಿದ್ದಳು. "ಇವತ್ತು ನನಗ ವಿಶ್ರಾಂತಿ. ಆಟ ನೀವ ಆಡ್ರಿ" ಎಂದು ಅಡುಗೆಮನೆಯ ಕಡೆ ಕೈ ತೋರಿಸಿದಳು. ನಾನು ಮಾಡಿದ ಉಪ್ಪಿಟ್ಟನ್ನು ಚಮಚ ಬಿಟ್ಟು ಚಾಕುವಿನಿಂದ ತಿನ್ನಬೇಕಾಯಿತು. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಆವತ್ತು ಮಧ್ಯಾಹ್ನವೇ ತಿದ್ದಿಕೊಂಡೆ.

ಎರಡನೆಯದು ಬೇಕೆಂದೇ ಸೋಲುವುದು. ಅಲ್ಲೊಂದು ಪದ್ಧತಿಯಿದೆ: ಈ ವರ್ಷ ಹೀನಾಯವಾಗಿ ಸೋತ ತಂಡಗಳಿಗೆ ಮುಂದಿನ ವರ್ಷ ಬರುವ ಹೊಸ ಹುಡುಗರಲ್ಲಿ ಒಳ್ಳೆಯವನು ಸಿಗುವ ಸಂಭವ ಹೆಚ್ಚು. ಬಡವರಿಗೆ ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು. ಆದದ್ದೇನೆಂದರೆ ಕೆಲವು ತಂಡಗಳು ಬಡವರಾಗಲು ಪೈಪೋಟಿ ನಡೆಸಿವೆ. ನಮ್ಮ ಮದುವೆ ಮನೆಗಳಲ್ಲಿ ಕೊನೆಯ ಪಂಕ್ತಿಗೆ ಕುಳಿತವರಿಗೆ ಸಿಗುವುದು ಆರಿದ ಸಾರು ಮತ್ತು ಬಡಿಸುವವರ ಸಿಡಿಮಿಡಿ. ಕೊನೆಯ ಪಂಕ್ತಿಗೆ ಮೊದಲ ಹೋಳಿಗೆ ಎಂದು ಒಮ್ಮೆ ಸಾರಿ ನೋಡಿ, ಇಡೀ ಊರು ಚಪ್ಪರದ ಹೊರಗೆ 'ನೀವು ಮೊದಲು, ನೀವು ಮೊದಲು' ಎನ್ನುತ್ತ ನಿಂತಿರುತ್ತದೆ.

ಮೂರನೆಯದು ಯಂತ್ರದ ಪಂಚ. ಬೇಸ್‌ಬಾಲಿನಲ್ಲಿ ಚೆಂಡು ಸರಿಯಾದ ಜಾಗದಲ್ಲಿ ಹೋಯಿತೋ ಇಲ್ಲವೋ ಎಂದು ಹಿಂದೆ ಬಾಗಿ ನಿಂತವನೊಬ್ಬ ಕಣ್ಣಂದಾಜಿನಲ್ಲಿ ಹೇಳುತ್ತಿದ್ದ. ಈಗ ಅವನ ಮಾತಿನ ಮೇಲೆ ಅನುಮಾನ ಬಂದರೆ ಯಂತ್ರವನ್ನು ಕೇಳುತ್ತಾರೆ. ನನಗಿದು ಸೇರುವುದಿಲ್ಲ. ಪ್ರೂಫು ತಿದ್ದುವವನಾಗಿ ಹೇಳುತ್ತೇನೆ, ತಪ್ಪು ಮಾಡುವ ಮನುಷ್ಯ ಎದುರಿಗಿದ್ದರೆ ಬೈಯಬಹುದು. ಮದುಮಗನ ಅಜ್ಜನ ಹೆಸರು ಬಿಟ್ಟುಹೋದಾಗ ಬೀಗರು ನನ್ನ ಪ್ರೆಸ್ಸಿಗೆ ಬಂದು ಅರ್ಧ ಗಂಟೆ ಬೈದು, ಚಹಾ ಕುಡಿದು, ಹಗುರಾಗಿ ಹೋಗುತ್ತಾರೆ. ಅವರು ಕಂಪ್ಯೂಟರನ್ನು ಬೈದದ್ದನ್ನು ನಾನು ನೋಡಿಲ್ಲ.

ನನ್ನ ಈ ಅಭಿಪ್ರಾಯಗಳನ್ನೆಲ್ಲ ತಾಳ್ಮೆಯಿಂದ ಕೇಳುತ್ತಿದ್ದ ಇನ್ನೊಬ್ಬನೆಂದರೆ ನನ್ನ ಸೋದರಮಾವ. ಎಪ್ಪತ್ತು ದಾಟಿದ ಅವನು ಹೊಂಬಳದಲ್ಲಿ ಇಬ್ಬರು ಗಂಡುಮಕ್ಕಳೊಂದಿಗೆ ಬೇಸಾಯ ಮಾಡಿಕೊಂಡಿದ್ದಾನೆ. ತಿಂಗಳಿಗೊಮ್ಮೆ ಬಿ.ಪಿ. ಗುಳಿಗೆಗೆಂದು ಗದಗಕ್ಕೆ ಬಂದರೆ ಒಂದು ರಾತ್ರಿ ನಮ್ಮಲ್ಲೇ ಇರುತ್ತಾನೆ. ಚಿಕ್ಕವನಿದ್ದಾಗ ಬಾವಿ ತೋಡುವಲ್ಲಿ ಮದ್ದು ಸಿಡಿದು ಅವನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಮಾತ್ರ ಬೆಕ್ಕಿನ ಕಿವಿ. ಹೀಗಾಗಿ ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ನಾವೆಲ್ಲ ಅವನ ಬಲಕ್ಕೇ ಕೂಡುವುದು ರೂಢಿ. ಎಡಕ್ಕೆ ಕುಳಿತವರು ಮಾತು ಮುಗಿಸಿ ಉತ್ತರಕ್ಕೆ ಕಾಯುತ್ತ ಕೂತಿರಬೇಕಾಗುತ್ತದೆ.

ಕಳೆದ ಮಳೆಗಾಲದ ಒಂದು ಮುಂಜಾನೆ ನಳದ ಮುಂದೆ ನಾನು, ನನ್ನ ಎಡಕ್ಕೆ ಮಾವ, ನಡುವೆ ಬಕೆಟ್ಟಿನ ಅಂಚಿಗೆ ಒರಗಿಸಿದ ಮೊಬೈಲು. ಹಳೆಯ ಬೇಸ್‌ಬಾಲ್ ಪಂದ್ಯವೊಂದು ನಡೆದಿತ್ತು. ಮಾವ ಬಗ್ಗಿ ನೋಡಿದ.

"ಅಲ್ಲಲೇ ಅಳ್ಯಾ, ಆ ಕುಕ್ಕರಗಾಲಿಲೆ ಕುಂತಾನಲ್ಲ, ಅಂವ ತೊಡಿ ಸಂದ್ಯಾಗ ಬೆರಳು ಯಾಕ ಆಡಸಾಕತ್ತಾನ?"

"ಅದು ಗುರ್ತು, ಮಾಮಾ. ಮುಂದಿನ ಚೆಂಡು ಜೋರ ಒಗೀಬೇಕೋ, ತಿರುಗಿಸಿ ಒಗೀಬೇಕೋ ಅಂತ ಒಗಿಯಾಂವಗ ಹೇಳತಾನ. ಬಡಿಗಿ ಹಿಡಿದಾಂವಗ ಕಾಣಬಾರದಂತ ಕೆಳಗ ಮಾಡತಾನ."

"ಹಂಗನ್ನು! ನಮ್ಮ ದನದ ಸಂತಿ ಟವಲ್ ಇದ್ದಂಗ!"

ನನಗೆ ಈ ಆಟವನ್ನು ಅರ್ಥ ಮಾಡಿಕೊಳ್ಳಲು ಒಂದು ವರ್ಷ ಹಿಡಿದಿತ್ತು, ಅವನಿಗೆ ಒಂದು ಕೊಡ ತುಂಬುವಷ್ಟು ಹೊತ್ತು ಸಾಕಾಯಿತು. ಸಂತೆಯಲ್ಲಿ ಎತ್ತಿನ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಹೊದಿಸಿ, ಕೊಳ್ಳುವವನ ಕೈ ಹಿಡಿಯುತ್ತಾನೆ. ಒಳಗೆ ಒಂದೊಂದು ಬೆರಳಿಗೆ ಇಷ್ಟು ಸಾವಿರ ಎಂಬಂತೆ ಒತ್ತಿ ದರದ ಮಾತು ನಡೆಯುತ್ತದೆ. ಮೇಲೆ ಇಬ್ಬರೂ ಮಳೆ ಬೆಳೆಯ ಸುದ್ದಿ ಆಡುತ್ತಿರುತ್ತಾರೆ. ಸುತ್ತ ನಿಂತ ಜನಕ್ಕೆ ಟವೆಲ್ಲು ಕಾಣುತ್ತದೆ, ಅಷ್ಟೇ.

ಆ ಖುಷಿಯಲ್ಲಿ ನಾನು ಅವನಿಗೆ ಕಸದ ಡಬ್ಬಿಯ ಕತೆ ಹೇಳಿದೆ. ಒಂದು ತಂಡದವರು ಎದುರಾಳಿಯ ಬೆರಳುಗಳನ್ನು ಕ್ಯಾಮೆರಾದಲ್ಲಿ ನೋಡಿ, ಒಳಗಿನಿಂದ ಕಸದ ಡಬ್ಬಿ ಬಾರಿಸಿ ತಮ್ಮವನಿಗೆ ಮುಂದಿನ ಚೆಂಡಿನ ಸುಳಿವು ಕೊಡುತ್ತಿದ್ದರು. ಅದು ಬಯಲಾಯಿತು, ಕೆಲವರ ನೌಕರಿ ಹೋಯಿತು. ಆದರೆ ಗೆದ್ದ ಪ್ರಶಸ್ತಿ ಮಾತ್ರ ಅವರ ಹತ್ತಿರವೇ ಉಳಿಯಿತು. ಈಗ ಹೆಚ್ಚಿನವರು ಬೆರಳು ಬಿಟ್ಟು ಗುಂಡಿ ಒತ್ತುವ ಯಂತ್ರ ಕಟ್ಟಿಕೊಂಡಿದ್ದಾರೆ. ಈ ಕತೆ ಹೇಳುವಾಗಲೆಲ್ಲ ನನ್ನ ಧ್ವನಿ ಏರುತ್ತದೆ. ಆವತ್ತೂ ಏರಿತು.

"ಪ್ರಶಸ್ತಿ ವಾಪಸ್ ಕೊಡಬೇಕಾಗಿತ್ತು, ಮಾಮಾ! ಕದ್ದು ಗೆದ್ದದ್ದನ್ನ ಇಟಗೊಳ್ಳಾಕ ಮನಸ್ಸರ ಹೆಂಗ ಬರತೈತಿ?"

ಮಾವ ಕೊಡ ಸರಿಸಿ ಇನ್ನೊಂದು ಇಟ್ಟ. "ಮಷಿನ್ ಇಟ್ಟು ನೋಡಿದ್ರ ಕಳವು. ಬರೇ ಕಣ್ಣಿಲೆ ನೋಡಿ ತಿಳಕೊಂಡ್ರ ಅದು ಜಾಣತನಲೇ" ಎಂದ.

ತಮಾಷೆಯೆಂದರೆ ಅಲ್ಲಿನ ನಿಯಮವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ನಾನು ಮಾತ್ರ ಒಪ್ಪಲಿಲ್ಲ. ಕಣ್ಣಿನಿಂದ ಕದ್ದರೂ ಕದ್ದದ್ದೇ, ಡಬ್ಬಿ ಬಾರಿಸಿದವ ಕಳ್ಳನೇ ಎಂದು ನಳ ನಿಲ್ಲುವವರೆಗೆ ವಾದಿಸಿದೆ. ಒಳಗಿನಿಂದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳೆಂಬುದು ಮುಂದೆ ನನಗೆ ಮುಳುವಾಯಿತು.

ಆ ದೀಪಾವಳಿಗೆ ಮಾವನ ಜೋಡೆತ್ತಿನಲ್ಲಿ ಒಂದು ಹೊಟ್ಟೆಯುಬ್ಬರಿಸಿ ಸತ್ತಿತು. ಊರಲ್ಲಿ ಬಹಳ ಮಂದಿ ಟ್ರ್ಯಾಕ್ಟರ್ ಹೊಡೆಸುತ್ತಾರೆ, ಮಾವನ ಮಕ್ಕಳೂ ಅದನ್ನೇ ಹೇಳುತ್ತ ಬಂದವರು. ಉಳಿದ ಒಂಟಿ ಎತ್ತನ್ನು ಕಟ್ಟಿಕೊಂಡು ಏನು ಮಾಡುವುದು, ಅದನ್ನೂ ಮಾರಿಬಿಡೋಣ ಎಂದರು. ಮಾವ ಎರಡು ತಿಂಗಳು ಸಂತೆ ಸಂತೆ ಅಲೆದ. ಜೋಡಿ ಕೂಡುವ ಎತ್ತು ಸಿಗಲಿಲ್ಲ. ಒಂದರ ಎತ್ತರ ಹೆಚ್ಚಾಯಿತು, ಇನ್ನೊಂದರ ಸುಳಿ ಸರಿಯಿರಲಿಲ್ಲ, ಮತ್ತೊಂದು ಹಾಯುವ ಸ್ವಭಾವದ್ದು. ಕೊನೆಗೆ ಹಿರಿಯ ಮಗ ಗಡುವು ಕೊಟ್ಟ. ಲಕ್ಷ್ಮೇಶ್ವರದ ಬರುವ ಸಂತೆಯಲ್ಲಿ ಜೋಡಿ ಸಿಕ್ಕರೆ ಸರಿ, ಇಲ್ಲದಿದ್ದರೆ ಅದರ ಮುಂದಿನ ಸಂತೆಗೆ ಒಂಟಿ ಎತ್ತು ಹೋಗಬೇಕು. ಮಾವ ಒಪ್ಪಿಕೊಂಡು ಬಂದು ನನಗೆ ಫೋನು ಮಾಡಿದ. "ನೀ ನನ್ನ ಸಂಗಾಟ ಬರಬೇಕಲೇ" ಎಂದ. ಎತ್ತಿನ ವಿಷಯ ಏನೂ ಗೊತ್ತಿಲ್ಲದ ನನ್ನನ್ನು ಏಕೆ ಕರೆಯುತ್ತಾನೆಂದು ನಾನು ಯೋಚಿಸಲಿಲ್ಲ.

ಬಸ್ಸು ಮುಳಗುಂದದ ಹತ್ತಿರ ಬಂದಾಗ ಮಾವ ಬಲಗಿವಿಯನ್ನು ನನ್ನ ಕಡೆ ವಾಲಿಸಿ ಮೆಲ್ಲಗೆ ಹೇಳಿದ.

"ನೀ ಇವತ್ತ ಆ ಡಬ್ಬಿ ಬಾರಸೋ ಕೆಲಸ ಮಾಡಬೇಕು."

"ಏನಂದಿ?"

"ಇನ್ನೊಬ್ಬ ಗಿರಾಕಿ ಇದ್ದಾ ಅಂದ್ರ ಅಂವ ಟವಲ್ಲಿನ ಕೆಳಗ ಎಷ್ಟು ಬೆರಳು ಏರಸ್ತಾನ ನೋಡು. ರಟ್ಟಿ ಅಲುಗಾಡತೈತಿ, ತಿಳೀತೈತಿ. ಎಷ್ಟು ಬೆರಳೋ ಅಷ್ಟು ಸಲ ಕೆಮ್ಮು. ಅದಕ್ಕಿಂತ ಒಂದ ಬೆರಳು ನಾ ಹೆಚ್ಚಿಗಿ ಏರಸ್ತೇನಿ. ನೀ ಎಷ್ಟು ಆಟ ನೋಡೀಯಲ್ಲ, ನಿನಗ ಬರತೈತಿ."

ಸಾಧ್ಯವೇ ಇಲ್ಲ ಎಂದೆ. ನನ್ನ ಮಾತುಗಳನ್ನೆಲ್ಲ ನೆನಪಿಸಿದೆ. ಪ್ರಶಸ್ತಿ ವಾಪಸ್ಸು, ಕಣ್ಣಿನ ಕಳವು, ಎಲ್ಲವನ್ನೂ ಹೇಳಿದೆ. ಮಾವ ಕಿಟಕಿಯ ಹೊರಗೆ ನೋಡುತ್ತ ಕುಳಿತ. ಆಮೇಲೆ, ನನಗೆ ಹೇಳಿದನೋ ತನಗೇ ಹೇಳಿಕೊಂಡನೋ, "ನಾ ನೊಗ ಎತ್ತಿದ ಸಪ್ಪಳ ಆದ್ರ ಸಾಕು, ಆ ಉಳಿದ ಎತ್ತು ಎದ್ದು ಬಂದು ತನ್ನ ಬಾಜೂಕ ನಿಲ್ಲತೈತಿ. ಇನ್ನೊಂದು ಬಾಜೂ ಖಾಲಿ. ಹೊಳ್ಳಿ ನೋಡತೈತಿ" ಎಂದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನನಗೆ ಸಂಕಟವಾಯಿತು. ಮುಳಗುಂದದಲ್ಲಿ ನಾಲ್ಕು ಮಂದಿ ಪ್ರಯಾಣಿಕರು ಇಳಿದರು, ಅವರೊಂದಿಗೆ ನನ್ನ ಸಿದ್ಧಾಂತವೂ ಇಳಿಯಿತು.

ಸಂತೆಯಲ್ಲಿ ಜೋಡಿಯಾಗುವಂಥ ಎತ್ತೊಂದು ನಮಗೆ ಹೊಕ್ಕ ಕೂಡಲೇ ಕಂಡಿತು. ಶಿರಹಟ್ಟಿ ಕಡೆಯ ರೈತನೊಬ್ಬ ಹಿಡಿದು ನಿಂತಿದ್ದ. ಮಾವ ಹಲ್ಲು ನೋಡಿದ, ಸುಳಿ ನೋಡಿದ, ನಾಲ್ಕು ಹೆಜ್ಜೆ ನಡೆಸಿ ನೋಡಿದ. ಆಮೇಲೆ ಅಂಗಿಯ ಕಿಸೆಯಿಂದ ಒಂದು ಹಗ್ಗ ತೆಗೆದ. ಮನೆಯ ಎತ್ತಿನ ಎತ್ತರಕ್ಕೆ ಸರಿಯಾಗಿ ಅಳೆದು ಗಂಟು ಹಾಕಿದ್ದ ಹಗ್ಗ. ಅದನ್ನು ಈ ಎತ್ತಿನ ಕಾಲಿನಿಂದ ಹೆಗಲಿನವರೆಗೆ ಹಿಡಿದ. ಗಂಟು ಸರಿಯಾಗಿ ಹೆಗಲಿಗೆ ಬಂದು ಕೂತಿತು. ಮಾವ ಇನ್ನೊಮ್ಮೆ ಅಳೆದು ನೋಡಿದ. ಅವನು ಮುಖವನ್ನು ಮಾತ್ರ ಬೇಡದವನ ಹಾಗೆ ಮಾಡಿಕೊಂಡು ಹಗ್ಗ ಕಿಸೆಗೆ ಸೇರಿಸಿದ.

ಅಷ್ಟರಲ್ಲಿ ದೊಡ್ಡ ರುಮಾಲಿನ ಇನ್ನೊಬ್ಬ ಗಿರಾಕಿ ಬಂದ, ಮುಂಡರಗಿಯವನು. ಅವನೂ ಹಲ್ಲು ನೋಡಿದ. ದಲ್ಲಾಳಿ ಮೊದಲು ನಮ್ಮ ಮಾವನ ಕೈ ಹಿಡಿದು, ಆಮೇಲೆ ಅವನ ಕಡೆ ನಡೆದ. ನನ್ನ ಕೆಲಸ ಶುರುವಾಯಿತು. ಅವನ ರಟ್ಟೆ ಚೆನ್ನಾಗಿ ಕಾಣುವ ಜಾಗ ಹುಡುಕುತ್ತ ನಾನು ಸುತ್ತು ಹಾಕಿ ಮಾವನ ಎಡಬದಿಗೆ ಹತ್ತು ಹೆಜ್ಜೆ ದೂರ ಹೋಗಿ ನಿಂತೆ. ಕಣ್ಣು ನೆಟ್ಟು ನೋಡಿದೆ. ಟವೆಲ್ಲು ಟವೆಲ್ಲಾಗಿಯೇ ಇತ್ತು. ರಟ್ಟೆ ಅಲುಗಲಿಲ್ಲ, ಮೊಣಕೈ ಮಿಸುಕಲಿಲ್ಲ, ಮುಂಡರಗಿಯವನು ಹಿಂಗಾರಿನ ಮಳೆಯ ಬಗ್ಗೆ ಮಾತಾಡುತ್ತಿದ್ದ. ಇಷ್ಟು ವರ್ಷ ನಸುಕಿನಲ್ಲಿ ಎದ್ದು ನೋಡಿದ ಬೇಸ್‌ಬಾಲು ಒಂದು ಬೆರಳಿನಷ್ಟೂ ಉಪಯೋಗಕ್ಕೆ ಬರಲಿಲ್ಲ.

ನಮ್ಮ ಏರ್ಪಾಡಿನಲ್ಲಿ ನಾವಿಬ್ಬರೂ ಮರೆತ ಸಂಗತಿಯೊಂದಿತ್ತು. ಅದು ಮೆಣಸಿನಕಾಯಿಯ ಸುಗ್ಗಿ. ದನಗಳ ಜಾಗದ ಮಗ್ಗುಲಲ್ಲೇ ಒಣಮೆಣಸಿನಕಾಯಿಯ ರಾಶಿ ಬಿದ್ದಿತ್ತು, ಹೆಣ್ಣಾಳುಗಳು ಚೀಲ ತುಂಬುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಸಂತೆಯಲ್ಲಿ ಕೆಮ್ಮನ್ನು ಗುಟ್ಟಿನ ಗುರುತಾಗಿ ಇಟ್ಟುಕೊಳ್ಳುವ ಬುದ್ಧಿವಂತರು ನಾವಿಬ್ಬರೇ ಇರಬೇಕು. ಗಾಳಿ ತಿರುಗಿತು. ಯಾರೋ ಒಂದು ಚೀಲ ಸುರುವಿದರು. ನನ್ನ ಗಂಟಲಿಗೆ ಕಾರದ ಪುಡಿ ಹೊಕ್ಕಿದ್ದೇ ತಡ, ತಡೆಯಲಾಗದೆ ಕೆಮ್ಮಿದೆ. ಒಂದು, ಎರಡು, ನಾಲ್ಕು. ಬಾಯಿಗೆ ಕರವಸ್ತ್ರ ಒತ್ತಿದಷ್ಟೂ ಹೆಚ್ಚಾಯಿತು. ಎಂಟೋ ಒಂಬತ್ತೋ ಆದ ಮೇಲೆ ನನಗೇ ಲೆಕ್ಕ ತಪ್ಪಿತು. ಸುತ್ತಲಿದ್ದವರೂ ಕೆಮ್ಮುತ್ತಿದ್ದರು, ಎತ್ತುಗಳು ಸೀನುತ್ತಿದ್ದವು.

ಮಾವ ಎತ್ತನ್ನೇ ನೋಡುತ್ತ ನಿಂತಿದ್ದ. ದಲ್ಲಾಳಿ ಕಣ್ಣೊರೆಸುತ್ತ ಅವನ ಹತ್ತಿರ ಬಂದು ಟವೆಲ್ಲಿನೊಳಗೆ ಕೈ ಹಿಡಿದ. ನಾನು ದೂರದಿಂದ ಬೇಡ ಬೇಡ ಎಂದು ಕೈಯಾಡಿಸಿದೆ. ಮಾವ ಬೆರಳು ಒತ್ತಿದಂತೆ ದಲ್ಲಾಳಿಯ ಹುಬ್ಬು ಏರಿ ರುಮಾಲಿನೊಳಗೆ ಹೋಯಿತು. ಅವನು ಮಾವನ ಮುಖ ನೋಡಿದ. ಮಾವ ಹೌದೆಂದು ತಲೆಯಾಡಿಸಿದ. ದಲ್ಲಾಳಿ ತಿರುಗಿ ಶಿರಹಟ್ಟಿಯ ರೈತನ ಕೈ ಹಿಡಿದದ್ದೇ ತಡ, ಅವನು ಉಸಿರು ಸಹ ತೆಗೆದುಕೊಳ್ಳದೆ "ಆತು!" ಎಂದುಬಿಟ್ಟ. ಸಂತೆಯಲ್ಲಿ ಆತು ಎಂದ ಮೇಲೆ ಆತು. ಅಲ್ಲಿ ಯಾವ ಯಂತ್ರವನ್ನೂ ಕೇಳುವಂತಿಲ್ಲ.

ಚಹಾದ ಅಂಗಡಿಯಲ್ಲಿ ಮುಂಡರಗಿಯವನು ನನ್ನ ಪಕ್ಕದಲ್ಲೇ ಕುಳಿತ. ನಾನು ಕಳ್ಳನ ಹಾಗೆ ತಲೆ ತಗ್ಗಿಸಿ ಕೇಳಿದೆ, "ನೀವು ಎಷ್ಟು ಬೆರಳು ಏರಿಸಿದ್ರಿ?"

"ಎಲ್ಲಿ ಏರಸೂದ್ರಿ? ಎತ್ತು ಚೊಲೋನ ಐತಿ, ಖರೆ ನನ್ನ ಎತ್ತಿಗೆ ಜೋಡಿ ಆಗಂಗಿಲ್ಲ. ಬ್ಯಾಡಂತ ಕೈ ಝಾಡಿಸಿ ಬಿಟ್ಟೆ. ನಿಮ್ಮ ಹಿರ್ಯಾರು ಯಾರ ಮ್ಯಾಲೆ ಅಷ್ಟು ಪಂತ ಕಟ್ಟಿದ್ರೋ ಏನೋ!"

ಎದುರಾಳಿಯೇ ಇಲ್ಲದ ಆಟದಲ್ಲಿ ಮಾವ ಏರಿಸಿದ್ದ, ಏರಿಸುವಂತೆ ಮಾಡಿದವನು ನಾನು. ಗೂಡ್ಸ್ ಟೆಂಪೋದಲ್ಲಿ ಎತ್ತಿನ ಜೊತೆ ಹೊಂಬಳಕ್ಕೆ ಹೋಗುವ ದಾರಿಯುದ್ದಕ್ಕೂ ನನಗೆ ಬಾಯಿ ಬರಲಿಲ್ಲ. ಮಾವ ಎತ್ತಿನ ಬೆನ್ನು ತಡವುತ್ತ ಕುಳಿತಿದ್ದ.

ಮನೆಯಲ್ಲಿ ಮಕ್ಕಳು ದರ ಕೇಳಿ ಬಾಯಿ ತೆರೆದರು. ಮಾವ ಯೋಚಿಸದೆ ನನ್ನ ಕಡೆ ಬೆರಳು ಮಾಡಿದ. "ನನ್ನ ಏನು ಕೇಳತೀರಿ? ಇಂವ ಕೆಮ್ಮಿದಾ, ನಾ ಏರಿಸಿದೆ!" ಎಂದು ಇಡೀ ಸಂಚನ್ನು ಬಿಚ್ಚಿಟ್ಟ. ಆಮೇಲೆ ಹಿರಿಯ ಮಗ ನಕ್ಕ ನಗೆಗೆ ಗೋದಲಿಯ ಮುಂದೆ ಮಲಗಿದ್ದ ಎತ್ತು ಎದ್ದು ನಿಂತಿತು. ಸೊಸೆಯಂದಿರು ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಓಡಿದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದ ನನಗೆ ಆ ನಗು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

ಅಂದಿನಿಂದ ನಾನು ಬಳಗದಲ್ಲಿ ಕೆಮ್ಮಿನವನಾದೆ. ಫೋನು ಎತ್ತಿದರೆ ಆ ಕಡೆಯಿಂದ ಮೊದಲು ಕೆಮ್ಮು, ಆಮೇಲೆ ಮಾತು. ಮದುವೆಯೊಂದರಲ್ಲಿ ಬಡಿಸುವವನು ಹೋಳಿಗೆ ತಂದಾಗ ಮಾವನ ಹಿರಿಯ ಮಗ ಎದುರಿನಿಂದ, "ಅವರಿಗೆ ಎಷ್ಟು ಬೇಕು ಅಂತ ಕೇಳಬ್ಯಾಡ್ರಿ, ಕೆಮ್ಮತಾರ, ಎಣಿಸಿ ಹಾಕ್ರಿ" ಎಂದ. ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಹೆಂಡತಿಯ ಒಂದೇ ಒಂದು ಪ್ರಶ್ನೆ. ನಳದ ದಿನ ನಾನು ಮೊಬೈಲು ತೆರೆಯುತ್ತಿದ್ದಂತೆ ಬಾಗಿಲಲ್ಲಿ ನಿಂತು ಕೇಳಿದಳು:

"ಏನ್ರಿ, ಪ್ರಶಸ್ತಿ ಯಾವಾಗ ವಾಪಸ್ ಕೊಡತೀರಿ?"

ಅವಳು ನಗುತ್ತ ಒಳಗೆ ಹೋದಳು, ನನಗೆ ನಗು ಬರಲಿಲ್ಲ. ಕದ್ದು ಗೆದ್ದದ್ದನ್ನು ಇಟ್ಟುಕೊಳ್ಳಬಾರದೆಂದು ಬಕೆಟ್ಟುಗಳ ಮುಂದೆ ಭಾಷಣ ಮಾಡಿದವನು ನಾನೇ ಅಲ್ಲವೇ? ನನ್ನದು ಕದಿಯಲೂ ಬಾರದ ಕಳ್ಳತನ, ಅದು ಬೇರೆ ಮಾತು. ಎರಡು ವಾರ ನಾನು ಆಟ ನೋಡಲಿಲ್ಲ. ಬರೀ ನೀರು ತುಂಬಿಸಿದೆ, ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಕೊನೆಗೆ ತಡೆಯಲಾಗದೆ ಹೊಂಬಳದ ಬಸ್ಸು ಹತ್ತಿದೆ. ನಾನು ಬೆರಳು ನೋಡಿ ಕೆಮ್ಮಲಿಲ್ಲ, ಮೆಣಸಿನಕಾಯಿಗೆ ಕೆಮ್ಮಿದೆ ಎಂದು ಒಪ್ಪಿಕೊಳ್ಳುವುದು, ಬೇಕಾದರೆ ಇಬ್ಬರೂ ಶಿರಹಟ್ಟಿಗೆ ಹೋಗಿ ಎತ್ತು ಮರಳಿಸುವ ಮಾತಾಡೋಣ ಎನ್ನುವುದು, ಹೀಗೆ ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡೆ.

ಮಾವ ಹೊಲದಲ್ಲಿದ್ದ. ಜೋಳ ಕಿತ್ತ ಎರೆಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ. ಹಿಂದಿನಿಂದ ನೋಡಿದರೆ ಎರಡು ಎತ್ತುಗಳ ಬೆನ್ನು ಒಂದೇ ಗೆರೆ. ಯಾವುದು ಹಳೆಯದು, ಯಾವುದು ಹೊಸದು ಎಂದು ನನಗೆ ತಿಳಿಯಲಿಲ್ಲ. ನಾನು ಹೋಗಿ ಅವನ ಮಗ್ಗುಲಿಗೆ ನಡೆಯತೊಡಗಿದೆ. ಅವನ ಮುಖ ನೋಡಿದರೆ ಧೈರ್ಯ ಹೋಗುತ್ತದೆಂದು ತಲೆ ತಗ್ಗಿಸಿ, ಹೆಂಟೆಗಳನ್ನು ನೋಡುತ್ತ, ಮೆಲುದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಹೇಳಿದೆ. ಮೆಣಸಿನಕಾಯಿಯ ಗಾಳಿ, ಮುಂಡರಗಿಯವನು ಕೈ ಝಾಡಿಸಿದ್ದು, ನನಗೆ ನಿದ್ದೆ ಬಾರದ್ದು, ಎತ್ತು ಮರಳಿಸುವ ಮಾತು. ಕೊನೆಗೆ "ಮಾಮಾ, ತಪ್ಪಾತು" ಎಂದೆ. ಮಾವ ಒಂದು ಮಾತೂ ಆಡಲಿಲ್ಲ. ಅವನ ಸಿಟ್ಟು ಇಷ್ಟು ದೊಡ್ಡದೆಂದು ನಾನು ತಿಳಿದಿರಲಿಲ್ಲ.

ಬದುವಿನಲ್ಲಿ ಎತ್ತುಗಳು ಹೊರಳಿದವು. ಮಾವನೂ ಹೊರಳಿದ. ನನ್ನನ್ನು ಕಂಡು ಬೆಚ್ಚಿದ.

"ಅಯ್ಯ! ಯಾವಾಗ ಬಂದಿಲೇ ಅಳ್ಯಾ?"

ನಾನು ಹೊಲದುದ್ದಕ್ಕೂ ಅವನ ಎಡಗಿವಿಗೆ ಮಾತಾಡಿದ್ದೆ. ಅಲ್ಲೇ ಬದುವಿನ ಮೇಲೆ ಕುಸಿದು ಕುಳಿತೆ. ನಗಬೇಕೋ ಅಳಬೇಕೋ ತಿಳಿಯುವ ಮೊದಲೇ ಇನ್ನೊಂದು ಸಂಗತಿ ತಲೆಗೆ ಹೊಳೆಯಿತು. ಸಂತೆಯಲ್ಲಿ ರಟ್ಟೆ ನೋಡಲೆಂದು ನಾನು ಸುತ್ತು ಹಾಕಿ ನಿಂತದ್ದು ಯಾವ ಬದಿಗೆ? ಎದ್ದು ಅವನ ಬಲಕ್ಕೆ ಬಂದೆ.

"ಮಾಮಾ, ಖರೇನ ಹೇಳು. ಸಂತ್ಯಾಗ ನನ್ನ ಕೆಮ್ಮು ನಿನಗ ಕೇಳಿಸಿತ್ತೇನು?"

ಮಾವ ಸುತ್ತ ನೋಡಿದ. ಹಿರಿಯ ಮಗ ಬುತ್ತಿ ಹಿಡಿದು ದೂರದ ದಾರಿಯಲ್ಲಿ ಬರುತ್ತಿದ್ದ. ಮಾವ ಎತ್ತುಗಳನ್ನು ನಿಲ್ಲಿಸಿ, ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ಎಲ್ಲಿ ಕೇಳಿಸಬೇಕಲೇ? ನೀ ಹೋಗಿ ಎಡಕ್ಕ ನಿಂತಿ. ನಾ ಹೊಳ್ಳಿ ನೋಡೂದ್ರಾಗ ಟವಲ್ ಬಂತು."

"ಮತ್ತ ಅಷ್ಟು ಯಾಕ ಏರಿಸಿದಿ?"

"ಹಗ್ಗದ ಗಂಟಿಗೆ ಸರಿಯಾಗಿ ನಿಂತಿತ್ತಲ್ಲಲೇ ಅದು" ಎಂದ. ಇದಕ್ಕಿಂತ ಬೇರೆ ಉತ್ತರ ಏನಿರಬೇಕು ಎನ್ನುವಂತೆ ನನ್ನನ್ನು ನೋಡಿದ. "ಇನ್ನೊಬ್ಬ ಕೈ ಹಾಕ್ಯಾನ ಅನ್ನೂದೊಂದು ಗೊತ್ತಿತ್ತು. ಈ ಸಲ ಹೋತಂದ್ರ ಮನ್ಯಾಗಿಂದೂ ಹೋಗತೈತಿ ಅಂತ ಜೀವ ಬಾಯಿಗೆ ಬಂತು. ನನ್ನ ಬೆರಳು ನನ್ನ ಮಾತು ಕೇಳಲಿಲ್ಲ."

"ಹಂಗಾದ್ರ ನನ್ನ ಹೆಸರು ಯಾಕ ಹೇಳಿದಿ?"

"ಮುದುಕ ಹುಚ್ಚ ಹಿಡಿದಂಗ ಏರಿಸಿ ತಂದಾನ ಅಂತ ತಿಳಿದ್ರ ಮಕ್ಕಳು ಮರುದಿನಾನ ಎರಡನ್ನೂ ಸಂತಿಗೆ ಹೊಡೀತಿದ್ರು. ಅಳಿಯ ಕೆಮ್ಮಿ ಕೆಡಿಸಿದಾ ಅಂದೆ, ನಕ್ಕು ಬಿಟ್ರು. ನಕ್ಕ ಮ್ಯಾಲೆ ಸಿಟ್ಟು ಎಲ್ಲಿ ಉಳೀತೈತಿ?" ರುಮಾಲು ಸುತ್ತಿಕೊಳ್ಳುತ್ತ ಸೇರಿಸಿದ: "ನೀ ತಡಕೋತಿ ಅಂತ ಗೊತ್ತಿತ್ತು."

ನನಗೆ ಮೊದಲು ಬಂದದ್ದು ಸಿಟ್ಟು. ಎರಡು ವಾರದ ನಿದ್ದೆ, ಮದುವೆಯ ಹೋಳಿಗೆ, ಫೋನಿನ ಕೆಮ್ಮು, ಎಲ್ಲ ನೆನಪಾಯಿತು. ನಾನು ಏನನ್ನೂ ಕದ್ದಿರಲಿಲ್ಲ. ಡಬ್ಬಿ ಬಾರಿಸಿದ್ದು ಯಾರಿಗೂ ಕೇಳಿಸಿರಲಿಲ್ಲ. ಆದರೂ ಕಳ್ಳನೆಂಬ ಹೆಸರು ಪೂರ್ತಿ ನನ್ನದಾಗಿತ್ತು. ಹಾಗೆ ಯೋಚಿಸುತ್ತಲೇ ಎತ್ತುಗಳ ಕಡೆ ನೋಡಿದೆ. ಅವು ಒಂದರ ಮುಖ ಒಂದು ಮೂಸುತ್ತ ನಿಂತಿದ್ದವು. ಎರಡೂ ಬಾಜೂ ತುಂಬಿದ್ದವು. ನನ್ನ ಸಿಟ್ಟು ಅಷ್ಟಕ್ಕೇ ಇಳಿಯಿತು ಎಂದರೆ ಸುಳ್ಳಾದೀತು, ಸ್ವಲ್ಪ ಉಳಿದಿತ್ತು. ಆದರೆ ಅದಕ್ಕಿಂತ ಖುಷಿಯೇ ಹೆಚ್ಚಾಗಿತ್ತು.

ಅಷ್ಟರಲ್ಲಿ ಹಿರಿಯ ಮಗ ಬುತ್ತಿ ಇಳಿಸಿ, ಎತ್ತಿನ ಜೋಡಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. ನಗು ತಡೆದುಕೊಂಡು ಕೇಳಿದ.

"ಏನಪಾ, ಕೆಮ್ಮು ಕಡಿಮಿ ಆತೇನು? ಖರೇ ಹೇಳು, ಅವತ್ತ ಅಪ್ಪಗ ಅಷ್ಟು ಏರಿಸಾಕ ಹಚ್ಚಿದಾಂವ ನೀನ ಏನು?"

ನೊಗದ ಮೇಲಿದ್ದ ಮಾವನ ಕೈ ಬಿಗಿಯಾಯಿತು. ಸುಳ್ಳಿನ ಪ್ರಶಸ್ತಿಯನ್ನು ವಾಪಸ್ ಕೊಡಬೇಕೆಂದು ಗಂಟಲು ಹರಿದುಕೊಂಡು ವಾದಿಸಿದವನು ನಾನು. ಖರೆ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ.

ನಾನು ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಒಮ್ಮೆ ಕೆಮ್ಮಿದೆ.

ಮಗ ಹೊಟ್ಟೆ ಹಿಡಿದು ನಕ್ಕ. ನಾನು ಮಾವನ ಬಲಕ್ಕೆ ನಿಂತಿದ್ದೆ. ಈ ಸಲ ಅವನಿಗೆ ಕೇಳಿಸಿತು.